ವ್ಯಾಪಾರಕ್ಕೊಂದು ದೃಷ್ಟಿಬೊಟ್ಟು

"ಚೆನ್ನಾಗಿದೀನಿ" ಅಂತ ಬಾಯ್ತುಂಬಾ ಹೇಳಿದ್ದು ನನಗೆ ನೆನಪೇ ಇಲ್ಲ. ಯಾರೇ ಕೇಳಲಿ, "ಏನೋ ಇದೀನಪ್ಪ" ಅಂತ ರಾಗ ಎಳೀತೀನಿ. ಇಲ್ಲದ ಬೆನ್ನುನೋವನ್ನೂ ಒಂಚೂರು ಸೇರಿಸ್ತೀನಿ. ನಮ್ಮ ಚಿಕ್ಕಬಳ್ಳಾಪುರದ ಕಡೆ ಎಲ್ಲರೂ ಹೀಗೇ. ಲಾರಿ ತುಂಬಾ ಟೊಮೆಟೊ ಕಳಿಸಿ ಕೈ ಒರೆಸಿಕೊಳ್ಳುತ್ತಿರುವ ಮಂಡಿಯವರನ್ನು ವ್ಯಾಪಾರ ಹೇಗೆ ಅಂತ ಕೇಳಿ ನೋಡಿ. "ಏಮುಂದಮ್ಮಾ, ಏನೂ ಇಲ್ಲ, ಡಲ್ಲು" ಅಂತಾರೆ. ಮುದ್ದು ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು, ಅಂಗಡಿ ಬಾಗಿಲಿಗೆ ಬೂದುಗುಂಬಳ, ಲಾಭಕ್ಕೆ ಗೋಳು! ನಾನು ಕಾಲೇಜಿನಲ್ಲಿ ಪಾಠ ಮಾಡುವ ಮಾರ್ಕೆಟಿಂಗ್ ಪುಸ್ತಕದಲ್ಲಿ ಮಾತ್ರ ಕೆಟ್ಟ ಕಣ್ಣಿನ ಬಗ್ಗೆ ಅಧ್ಯಾಯವಿಲ್ಲ.

ಇದ್ದಿದ್ದರೆ ನನ್ನ ವಿದ್ಯಾರ್ಥಿನಿ ನಸ್ರೀನ್ ಗೆದ್ದಿರುತ್ತಿದ್ದಳು. ಶಿಡ್ಲಘಟ್ಟದ ಹುಡುಗಿ, ಅಪ್ಪ ರೇಷ್ಮೆ ನೂಲು ತೆಗೆಸುತ್ತಾರೆ. ನೂಲಿಗೆ ಬಾರದ ತೂತು ಗೂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ, ಅವಳು ಮದುವೆ ಹಾರ ಮಾಡುತ್ತಿದ್ದಳು. ಗೌರಿಬಿದನೂರು, ಚಿಂತಾಮಣಿಯ ಛತ್ರಗಳಿಂದೆಲ್ಲ ಆರ್ಡರು. ಕೆಲಸವೆಲ್ಲ ಮನೆಯ ಮುಂದಿನ ಕೋಣೆಯಲ್ಲಿ. ಅಪ್ಪನಿಗೆ ಆ ಕೋಣೆಯನ್ನು ಬಾಡಿಗೆಗೆ ಬಿಡುವ ಆಸೆ. "ಕಾಲೇಜಿನ ಸ್ಪರ್ಧೆ ಗೆದ್ದು ಬಾ, ಕೋಣೆ ನಿಂದೇ" ಅಂದಿದ್ದರಂತೆ.

ಸ್ಪರ್ಧೆ ಅಂದರೆ ಸ್ಟಾರ್ಟಪ್ ಪಿಚ್. ಹೊಸ ವ್ಯಾಪಾರದ ಐಡಿಯಾವನ್ನು ನಾಲ್ಕು ಮಾತಲ್ಲಿ ಜಡ್ಜುಗಳ ತಲೆಗೆ ಹತ್ತಿಸಬೇಕು. ಸ್ಲೈಡು, ಇಂಗ್ಲಿಷು, ನಿಲ್ಲೋ ಭಂಗಿ, ಮಾತಾಡುವಾಗ ಕೈ ಎಲ್ಲಿರಬೇಕು, ಎಲ್ಲ ಹೇಳಿಕೊಟ್ಟೆ. ಆ ದಿನ ಸಭೆಯಲ್ಲಿ ಹಾರ ಕೈಯಿಂದ ಕೈಗೆ ದಾಟಿತು. ಒಬ್ಬ ಜಡ್ಜಂತೂ ಕೊರಳಿಗೇ ಹಾಕಿಕೊಂಡರು. ಆಮೇಲೆ ಪ್ರೀತಿಯಿಂದ, ಕನ್ನಡದಲ್ಲಿ ಕೇಳಿದರು: "ವ್ಯಾಪಾರ ಹೇಗೆ ನಡೀತಿದೆಯಮ್ಮ?"

ಇಂಗ್ಲಿಷಿನಲ್ಲಿ ಕೇಳಿದ್ದರೆ ಬಚಾವಾಗುತ್ತಿದ್ದಳು, ಉತ್ತರ ಬಾಯಿಪಾಠವಾಗಿತ್ತು. ಕನ್ನಡ ಕಿವಿಗೆ ಬಿದ್ದದ್ದೇ ತಲೆ ತಗ್ಗಿಸಿ, "ಎಲ್ಲಿ ಸಾರ್, ಏನೋ ನಡೀತೈತೆ. ಏನೂ ಗಿಟ್ಟಲ್ಲ" ಅಂದುಬಿಟ್ಟಳು.

ಅಯ್ಯೋ ಹುಡುಗೀ! ಹಿಂದಿನ ಸಾಲಲ್ಲಿ ಹಣೆ ಚಚ್ಚಿಕೊಂಡೆ. ಹೊರಗಿನಿಂದ ಬಂದ ಜಡ್ಜುಗಳು ಪಾಪ, ಹೇಳಿದ್ದನ್ನು ಹಾಗೇ ನಂಬಿದರು. ಇನ್ನೂ ಏನನ್ನೂ ಮಾರದ, ಆದರೆ ಇಡೀ ದೇಶಕ್ಕೇ ಮಾರ್ತೀವಿ ಅಂದ ಹುಡುಗರ ಆ್ಯಪ್‌ಗೆ ಬಹುಮಾನ ಹೋಯಿತು. "ಅದು ನಮ್ಮ ಕಡೆ ಪದ್ಧತಿ ಸಾರ್" ಅಂತ ಅವರ ಕಾರಿನ ತನಕ ಓಡಿದೆ. ನಕ್ಕು, ಬಾಗಿಲು ಹಾಕಿಕೊಂಡರು.

"ಯಾಕೇ ಹಂಗಂದೆ?" ಅಂತ ನಸ್ರೀನಳನ್ನು ಗದರಿದೆ.

"ಅಷ್ಟು ಜನದ ಮುಂದೆ ಚೆನ್ನಾಗೈತೆ ಅಂದ್ರೆ ನಜರ್ ಆಗಲ್ವಾ ಮೇಡಂ?"

ಹೆದರಿಕೆ ನನ್ನದೂ ಅದೇ. ಆದರೂ ಮೇಡಂ ಅಲ್ಲವೇ, ಬುದ್ಧಿ ಹೇಳಿದೆ: "ಇನ್ಮೇಲೆ ಯಾರು ಕೇಳಿದ್ರೂ ತಲೆ ಎತ್ತಿ ಸೂಪರ್ ಅನ್ಬೇಕು, ತಿಳೀತಾ?" ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಾನು ನಿಸ್ಸೀಮಳು.

ಮೊನ್ನೆ ಶಿಡ್ಲಘಟ್ಟಕ್ಕೆ ಹೋದಾಗ ಅವಳ ಮನೆ ಕಡೆ ತಿರುಗಿದೆ. ಮುಂದಿನ ಕೋಣೆಗೆ ಶಟರ್ ಬಂದಿದೆ, ಒಳಗೆ ಯಾರದೋ ಮೊಬೈಲ್ ರಿಪೇರಿ ಅಂಗಡಿ. ಪಕ್ಕದ ಬಾಗಿಲಿಂದ ನಸ್ರೀನ್ ಓಡಿ ಬಂದಳು. ಸದಾ ಬಣ್ಣ ಮೆತ್ತಿರುತ್ತಿದ್ದ ಬೆರಳುಗಳು ತೊಳೆದಿಟ್ಟ ಹಾಗಿದ್ದವು. ಬಾಯಿ ಸುಮ್ಮನಿರಬೇಕಲ್ಲ, "ಹಾರದ ವ್ಯಾಪಾರ ಹೇಗಿದೆಯೇ?" ಅಂತ ಕೇಳಿಬಿಟ್ಟೆ.

ನಾನು ಕಲಿಸಿದ ಹಾಗೇ ತಲೆ ಎತ್ತಿದಳು. "ಸೂಪರ್ ಮೇಡಂ! ಫಸ್ಟ್ ಕ್ಲಾಸ್!"

ನಮ್ಮ ಕಡೆಯವರು ಅಷ್ಟು ಧೈರ್ಯವಾಗಿ ಹಾಗನ್ನುವುದು ಯಾವಾಗ ಅಂತ ನನಗೆ ಗೊತ್ತಿಲ್ಲವೇ? ಕಣ್ಣು ಬೀಳುವುದಕ್ಕೆ ಏನೂ ಉಳಿದಿಲ್ಲದಾಗ.