ಅಕ್ಕನ ಬಾಯಿ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಈಚೆಗೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಎತ್ತಿದರೆ, 'ಯಾನ್ಲಾ, ತಿಂಡಿ ತಿಂದ್ಯಾ?' ಎಂದಿತು ಅಕ್ಕನ ದನಿ.

ಇದರಲ್ಲೇನು ವಿಶೇಷ ಎನ್ನುತ್ತೀರಾ? ನಮ್ಮಕ್ಕನಿಗೆ ದನಿಯೇ ಇಲ್ಲ. ಗಂಟಲಿನ ಕ್ಯಾನ್ಸರ್ ಎಂದು ಮೈಸೂರಿನಲ್ಲಿ ಆಪರೇಷನ್ ಮಾಡಿ, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ ತಿಂಗಳುಗಳಾಗಿವೆ.

ನಾನು ಫೋನ್ ಹಿಡಿದುಕೊಂಡು ಅಲ್ಲೇ ಕುಳಿತೆ. ತಿಂಡಿ ತಿಂದಿದ್ದೆನೋ ಇಲ್ಲವೋ, ಆ ಕ್ಷಣಕ್ಕೆ ನೆನಪಾಗಲಿಲ್ಲ.

ಅಕ್ಕ ಮಹದೇವಮ್ಮ ತೆರಕಣಾಂಬಿಯಲ್ಲಿ ಬಸ್ ನಿಲ್ಲುವ ಕಡೆ ಪುಟ್ಟದೊಂದು ಹೋಟೆಲ್ ನಡೆಸುತ್ತಾಳೆ. ಇಡ್ಲಿ, ದೋಸೆ, ಮಧ್ಯಾಹ್ನಕ್ಕೆ ಅನ್ನ ಸಾರು. ಜನ ಇಡ್ಲಿಗೆ ಬರುತ್ತಾರೋ ಅಕ್ಕನ ಮಾತಿಗೆ ಬರುತ್ತಾರೋ ಹೇಳುವುದು ಕಷ್ಟ. ಒಲೆಯ ಮುಂದೆ ನಿಂತೇ ಬಂದವರ ಮನೆಯ ಸುದ್ದಿ ಕೇಳುತ್ತಿದ್ದಳು. ಹುಷಾರಿಲ್ಲದವರನ್ನು ವಿಚಾರಿಸುತ್ತಿದ್ದಳು, ತಟ್ಟೆಯಲ್ಲಿ ಬಿಟ್ಟು ಎದ್ದವರನ್ನು ಬೈಯುತ್ತಿದ್ದಳು. (ಬೈಸಿಕೊಂಡವರು ಮಾರನೆಯ ದಿನ ತಪ್ಪದೆ ಬರುತ್ತಿದ್ದರು.) ಅಂಥವಳಿಗೆ ಡಾಕ್ಟರು, ಜೀವ ಬೇಕಾದರೆ ದನಿ ಬಿಡಬೇಕು ಎಂದರು. ಅಕ್ಕ ಅಂದು ಚಾಮರಾಜನಗರದ ನಮ್ಮ ಮನೆಗೆ ಬಂದು, ಉಂಡು, ಒಂದು ಮಾತೂ ಆಡದೆ ಹೋಗಿದ್ದಳು. ಮುಂದೇನಾಗುತ್ತದೆ ಎಂಬುದು ನಮಗೆಲ್ಲ ಆಗಲೇ ಕಂಡುಬಿಟ್ಟಿತ್ತು.

ಆಗ ಬಂದವಳು ನಾಜಿಮಾ. ಹೋಟೆಲಿನ ಹಿಂದಿನ ಬೀದಿಯ ಟೈಲರ್ ಮಗಳು. ಅಕ್ಕನ ಹೋಟೆಲಿನಲ್ಲಿ ತಿಂಡಿ ತಿಂದು ಶಾಲೆಗೆ ಹೋದವಳು ಈಗ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಆಪರೇಷನ್ನಿಗೆ ಮುಂಚೆ ಅಕ್ಕನ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದಳು. ನೆನಪಿಗೆ ಇಟ್ಟುಕೊಳ್ಳುವುದಕ್ಕಿರಬೇಕು ಎಂದುಕೊಂಡೆವು.

ಹೋಟೆಲಿನ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಇಬ್ಬರೂ ಕೂತರು. ನಿಮಗೆ ಇನ್ನು ಕೆಲವೇ ದಿನ ಮಾತಾಡಲು ಆಗುವುದು ಎಂದರೆ ನೀವು ಏನನ್ನು ಉಳಿಸಿಕೊಳ್ಳುತ್ತೀರಿ? ನಾನು ಯೋಚಿಸಿದ್ದೇನೆ, ಉತ್ತರ ಹೊಳೆದಿಲ್ಲ. ಅಕ್ಕನಿಗೆ ಹೊಳೆಯಿತು. 'ಬನ್ನಿ, ಕೂತ್ಕಳಿ', 'ಚಟ್ನಿ ಆಕ್ಲಾ?', 'ಅವ್ವ ಉಸಾರಾಗವ್ರಾ?' ಎಂಬ ಮಾತುಗಳನ್ನು ಮೊದಲು ಹೇಳಿದಳು. ಆಮೇಲೆ ನಮ್ಮೆಲ್ಲರ ಹೆಸರು, ಅವಳು ಕರೆಯುವ ರೀತಿಯಲ್ಲೇ. ಭಾವನನ್ನು ಬೈಯುವುದಕ್ಕೆ ಬೇಕಾದಷ್ಟು. ದನಿ ಒಡೆದಿತ್ತು, ನಡುನಡುವೆ ಕೆಮ್ಮು. ಆದರೂ ಒಂದೊಂದನ್ನೂ ಸರಿಬರುವವರೆಗೆ ಮತ್ತೆ ಮತ್ತೆ ಹೇಳಿದಳಂತೆ.

'ನೋವಾಗ್ತಿದೆ' ಎಂಬುದನ್ನೂ ಹೇಳಿಬಿಡಿ ಎಂದಳಂತೆ ನಾಜಿಮಾ. ಅಕ್ಕ ಒಪ್ಪಲಿಲ್ಲ.

'ಅದ್ಯಾಕಮ್ಮಿ? ಮೊಕ ನೋಡುದ್ರ ಗೊತ್ತಾಗಲ್ವ?'

ಆ ಮಾತುಗಳನ್ನೆಲ್ಲ ಸೇರಿಸಿ ನಾಜಿಮಾ ಒಂದು ಆ್ಯಪ್ ಮಾಡಿದಳು. ಪರದೆ ತುಂಬ ದೊಡ್ಡ ಬಟನ್ನುಗಳು. ಓದು ಅಷ್ಟಾಗಿ ಬರದ ಅಕ್ಕನಿಗೆಂದು ಬಟನ್ನಿಗೊಂದು ಚಿತ್ರ. ಒತ್ತಿದರೆ ಅಕ್ಕನದೇ ದನಿ. ಡಾಕ್ಟರು ಬೇರೆ ರೀತಿಯಲ್ಲಿ ಮಾತಾಡಲು ಕಲಿಸುತ್ತಿದ್ದಾರೆ, ಅದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಇದು. ಆ ಭಾನುವಾರ ಭಾವ ತಮ್ಮ ಫೋನಿನಿಂದ ನನಗೆ ಕರೆ ಮಾಡಿ, ಅಕ್ಕನ ಫೋನನ್ನು ಅದರ ಪಕ್ಕಕ್ಕೆ ಹಿಡಿದಿದ್ದರು.

ಸಂತೋಷಪಟ್ಟುಕೊಂಡು ಸುಮ್ಮನಿರಬಹುದಿತ್ತಲ್ಲವೇ? ನಾನು ಹಾಗೆ ಮಾಡಲಿಲ್ಲ. ಆ್ಯಪ್ ಎಲ್ಲಿಂದ ಬಂತು ಎಂದು ಕೇಳಿದೆ. ನಾಜಿಮಾ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೈಲು ಎಂದರು ಭಾವ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಹೀಗೆಯೇ ಬಂದ 'ಮದುವೆ ಕರೆಯೋಲೆ' ಎಂಬ ಫೈಲನ್ನು ಒತ್ತಿ, ಫೋನೇ ಕಳ್ಳರ ಕೈಗೆ ಹೋಗಿ, ಅವರ ನಂಬರಿನಿಂದ ಊರಿಗೆಲ್ಲ ಅದೇ ಕರೆಯೋಲೆ ತಲುಪಿತ್ತು. (ನನಗೂ ಬಂದಿತ್ತು.) ಹಾಗಾಗಿ ಭಾವನಿಗೆ ಒಂದು ಉಪನ್ಯಾಸ ಕೊಟ್ಟೆ. ಅಧಿಕೃತ ಆ್ಯಪ್ ಸ್ಟೋರಿನಲ್ಲಿ ಇಲ್ಲದ್ದನ್ನು ಹಾಕಿಕೊಳ್ಳಲೇಬಾರದು, ಫೋನ್ ಎಚ್ಚರಿಕೆ ಕೊಟ್ಟರೆ ತಕ್ಷಣ ತೆಗೆದುಬಿಡಬೇಕು ಎಂದೆ.

ಭಾವ ಮಾತು ಕೇಳುವ ಮನುಷ್ಯ. ಮರುವಾರ ಅಕ್ಕನ ಫೋನು ಕೆಂಪು ಬಣ್ಣದಲ್ಲಿ 'ಹಾನಿಕಾರಕ ಆ್ಯಪ್' ಎಂದು ತೋರಿಸಿದ್ದೇ ತಡ, ಅಳಿಸಿಹಾಕಿದರು. ಅಕ್ಕ ಒಳಗೆ ಹಿಟ್ಟು ಕಲಸುತ್ತಿದ್ದಳು.

'ನೀನೇ ಯೋಳಿದ್ಯಲ್ಲಪ್ಪ, ತೆಗ್ದಾಕಿ ಅಂತ. ನಾ ತೆಗ್ದಾಕ್ಬುಟ್ಟಿ. ಈಗ ನಿಮ್ಮಕ್ಕ ನನ್ನ ಮೊಕನೇ ನೋಡ್ತಿಲ್ಲ' ಎಂದು ಫೋನ್ ಮಾಡಿದರು.

ನಾನು ಬಸ್ ಹತ್ತಿದೆ.

ಹೋಟೆಲಿನಲ್ಲಿ ಜನ ಇದ್ದರು, ಅಕ್ಕನ ದನಿಯಿರಲಿಲ್ಲ. ಅಕ್ಕ ಸೌಟಿನಿಂದ ಪಾತ್ರೆ ಬಡಿದು ಗಿರಾಕಿಗಳನ್ನು ಕರೆಯುತ್ತಿದ್ದಳು. ಅವರೋ ಅವಳಿಗೆ ಕಿವಿಯೂ ಕೇಳದೇನೋ ಎಂಬಂತೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಒಬ್ಬರು 'ಪಾಪ' ಎಂದು ಪಕ್ಕದವರಿಗೆ ಹೇಳಿದ್ದು ನನಗೇ ಕೇಳಿಸಿತು. ಅಕ್ಕನಿಗೆ ಕೇಳಿಸದೇ ಇರುತ್ತದೆಯೇ? ಅವಳು ಬೆನ್ನು ತಿರುಗಿಸಿ ಒಲೆ ಕೆದಕಿದಳು. ಉರಿ ಚೆನ್ನಾಗಿಯೇ ಇತ್ತು.

ಸಂಜೆ ಕಾಲೇಜು ಮುಗಿಸಿ ನಾಜಿಮಾ ಬಂದಳು. ಬೈಯುತ್ತಾಳೆಂದು ಭಾವ ಒಳಗೆ ಸೇರಿಕೊಂಡಿದ್ದರು. ಅವಳು ಬೈಯಲಿಲ್ಲ. ರೆಕಾರ್ಡಿಂಗ್ ಎಲ್ಲ ತನ್ನ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿದೆ ಎಂದು ಮೊದಲು ಅಕ್ಕನ ಕೈ ಹಿಡಿದು ಹೇಳಿದಳು. ಆಮೇಲೆ ಭಾವನನ್ನು ಕರೆದು, ನೀವು ಮಾಡಿದ್ದು ತಪ್ಪಲ್ಲ, ನನ್ನ ವಿದ್ಯಾರ್ಥಿಗಳಿಗೂ ನಾನು ಅದನ್ನೇ ಹೇಳಿಕೊಡುವುದು ಎಂದಳು. ಸ್ಟೋರಿನಿಂದ ಬಾರದ ಆ್ಯಪಿನ ಗುರುತು ಸಿಗದೆ ಫೋನು ಹಾಗೆ ಎಚ್ಚರಿಸಿದೆ ಎಂದು, ನನಗೆ ಲ್ಯಾಪ್‌ಟಾಪಿನಲ್ಲಿ ಆ್ಯಪನ್ನು ತೆರೆದು ತೋರಿಸಿದಳು. ಅದು ಮೆಸೇಜ್ ಓದಲು ಅನುಮತಿ ಕೇಳುವುದಿಲ್ಲ, ನಂಬರುಗಳನ್ನು ಕೇಳುವುದಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಮೊದಲ ಪುಟದಲ್ಲೇ ಅವಳ ಹೆಸರು, ಊರು.

ಹಾಗಾದರೆ ಸ್ಟೋರಿನಲ್ಲೇ ಹಾಕಬಹುದಲ್ಲ ಎಂದೆ. ಅದಕ್ಕೆ ನೋಂದಣಿ, ಮೊದಲೇ ಬಳಸಿ ಪರೀಕ್ಷಿಸಿ ನೋಡುವಷ್ಟು ಜನ, ಕಂಪನಿಯ ಪರಿಶೀಲನೆ ಎಂದು ವಿವರಿಸಿ, ಕೊನೆಗೆ ಹೇಳಿದಳು:

'ಮಾಮ, ಇದು ಒಬ್ಬರ ಬಾಯಿ. ಒಬ್ಬರಿಗೇ ಬೇಕಾಗಿರೋದು. ಇದನ್ನ ಅಂಗಡೀಲಿ ಯಾಕೆ ಇಡಬೇಕು?'

ಇದಕ್ಕೆ ನೀವೇನೆನ್ನುತ್ತೀರಿ?

ಮತ್ತೆ ಇನ್‌ಸ್ಟಾಲ್ ಮಾಡುವಾಗ ಫೋನು ತಡೆದು ಕೇಳಿತು, ಖಚಿತವೇ ಎಂದು. ನಾಜಿಮಾ ತಾನು ಒತ್ತದೆ, ಅಕ್ಕನಿಗೆ ಅದನ್ನು ಓದಿ ಹೇಳಿದಳು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ತಾನೇ ಒತ್ತಿದಳು. ಬಟನ್ನುಗಳೆಲ್ಲ ಬಂದವು. ಯಾವುದನ್ನು ಮೊದಲು ಒತ್ತುತ್ತಾಳೋ ಎಂದು ನಾವು ಕಾದೆವು. ಅವಳು ನನ್ನನ್ನು ನೋಡಿ, ಭಾವನಿಗೆಂದು ಇಟ್ಟಿದ್ದನ್ನು ಒತ್ತಿದಳು.

'ನಿಂಗ ಗೊತ್ತಾಗಲ್ಲ, ನೀ ಸುಮ್ಕಿರು.'

ಇಡೀ ಹೋಟೆಲು ನಕ್ಕಿತು. ಅಕ್ಕ ನಕ್ಕಳು, ಸದ್ದಿಲ್ಲದೆ, ಭುಜ ಕುಲುಕಿಸುತ್ತ. ಭಾವನ ಕಣ್ಣು ಮಾತ್ರ ಒದ್ದೆಯಾಗಿತ್ತು.

ಈಗ ಅದಕ್ಕೆ ಹೊಸ ಮಾತುಗಳೂ ಸೇರುತ್ತಿವೆ. ಆಗ ಹೊಳೆಯದೆ ಉಳಿದದ್ದನ್ನು ಅಕ್ಕ ಸನ್ನೆಯಲ್ಲಿ ಹೇಳುತ್ತಾಳೆ, ನಾಜಿಮಾ ತನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಸೇರಿಸುತ್ತಾಳೆ. ಹಾಗಾಗಿ ತೆರಕಣಾಂಬಿಯ ಆ ಹೋಟೆಲಿನಲ್ಲಿ 'ಚಟ್ನಿ ಆಕ್ಲಾ?' ಎನ್ನುವುದು ಒಂದು ದನಿ, 'ಇವತ್ತು ವಡೆ ಖಾಲಿ, ನಾಳೆ ಬನ್ನಿ' ಎನ್ನುವುದು ಉರ್ದು ಧಾಟಿ ಸೇರಿದ ಇನ್ನೊಂದು ದನಿ. ಯಾರಿಗೂ ವಿಚಿತ್ರ ಎನಿಸುತ್ತಿಲ್ಲ. ಎರಡೂ ಅಕ್ಕನದೇ ಎಂದು ಊರು ಒಪ್ಪಿಕೊಂಡಿದೆ.

ಸ್ಟೋರಿನ ಹೊರಗಿನ ಆ್ಯಪುಗಳ ಬಗ್ಗೆ ಈಗ ದೊಡ್ಡ ಚರ್ಚೆ ನಡೆಯುತ್ತಿದೆ. ಯಾರು ಏನೇ ತಯಾರಿಸಿದರೂ, ಯಾರಿಗೇ ಕೊಟ್ಟರೂ ಮೊದಲು ಫೋನಿನ ಸಾಫ್ಟ್‌ವೇರ್ ಮಾಡುವ ಕಂಪನಿಯ ಬಳಿ ಹೆಸರು ನೋಂದಾಯಿಸಿ ಒಪ್ಪಿಗೆ ಪಡೆಯಬೇಕು ಎನ್ನುವವರಿದ್ದಾರೆ. ಕಳ್ಳರ ಕಾಟ ನೋಡಿದರೆ ಅವರ ಮಾತನ್ನು ತಳ್ಳಿಹಾಕಲಾಗದು. ಮೇಷ್ಟ್ರು ಇಂದಿಗೂ ಫೋನ್ ಮುಟ್ಟಲು ಹೆದರುತ್ತಾರೆ. ಹೆಸರು ಕೊಡಲು ನಾಜಿಮಾಗೂ ಅಡ್ಡಿಯಿಲ್ಲ. ಅವಳ ಪ್ರಶ್ನೆ ಬೇರೆ. ಅಕ್ಕನಿಗೂ ತನಗೂ ನಡುವೆ, ತೆರಕಣಾಂಬಿಯನ್ನೇ ಕಾಣದ ಮೂರನೆಯವರು ಹೂಂ ಎನ್ನುವವರೆಗೆ ಅಕ್ಕ ಬಾಯಿ ಮುಚ್ಚಿಕೊಂಡಿರಬೇಕೆ?

ಬಾಗಿಲಿಗೆ ಬೀಗ ಬೇಕು, ಒಪ್ಪಿದೆ. ಆದರೆ ನಮ್ಮ ಮನೆಗೆ ಯಾರು ಬರಬಹುದು ಎಂಬುದನ್ನು ಬೀಗ ಮಾಡಿದವರು ಹೇಳಬೇಕೇ?