ಒಂದು ಸಾಲು ಜಾಸ್ತಿ

ನಾನು ಮದುವೆಯಾಗಿ ಬಂದ ಒಂದು ತಿಂಗಳೊಳಗೆ ಗಂಡನ ಮನೆಗೆ ಮಾಡಿದಂಥ ಉಪಕಾರವನ್ನು ಆಮೇಲೆ ಇಡೀ ಜೀವನದಲ್ಲಿ ಮಾಡಲಿಲ್ಲ. ಅದನ್ನು ಬುದ್ಧಿವಂತಿಕೆಯಿಂದ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ನಿಜ ಹೇಳಬೇಕೆಂದರೆ, ತೆಲುಗು ಬಾರದೆ ಇದ್ದದ್ದರಿಂದ ಮಾಡಿದೆ.

ನನ್ನ ತವರು ಮಾಲೂರು ತಾಲ್ಲೂಕು, ಮಾಸ್ತಿ ಕಡೆ. ನಮ್ಮ ಮನೆಮಾತು ಕನ್ನಡ. ಗಂಡನ ಊರು ಶ್ರೀನಿವಾಸಪುರದಿಂದ ಆಚೆ. ಅಲ್ಲಿ ಎತ್ತಿಗೆ 'ನಿಲ್ಲು' ಎನ್ನಬೇಕಾದರೂ ತೆಲುಗಿನಲ್ಲೇ ಅನ್ನಬೇಕು. ಅತ್ತೆ ನನ್ನ ಜೊತೆ ಕನ್ನಡ ಆಡುತ್ತಿದ್ದರು, ಹುಡುಗಿ ಎನ್ನುವುದಕ್ಕೆ ಮಾತ್ರ 'ಅಮ್ಮಾಯಿ' ಎನ್ನುತ್ತಿದ್ದರು. ಮಾವಯ್ಯನಿಗೂ ಕನ್ನಡ ಬರುತ್ತಿತ್ತು, ಆದರೆ ಬಾಯಿ ತೆರೆದರೆ ಮೊದಲು ತೆಲುಗು ಹೊರಡುತ್ತಿತ್ತು. ಆ ಕಾಲದಲ್ಲಿ ಹೊಸ ಸೊಸೆ ಮಾವನೆದುರು ನಿಂತು ಮಾತಾಡುವ ಹಾಗಿರಲಿಲ್ಲ. ಅವರು ಏನಾದರೂ ಹೇಳಿದರೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡು ಮಾಡಬೇಕು. ಅರ್ಥವಾಗಲಿಲ್ಲ ಎಂದು ತಿರುಗಿ ಕೇಳುವುದಂತೂ ಇಲ್ಲವೇ ಇಲ್ಲ.

ಮನೆ ಚೆನ್ನಾಗಿತ್ತು. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೂ ಒಳಗೆ ಬಂದು ಸಾರಿಸಿದ ನೆಲದ ಮೇಲೆ ಒರಗಿದರೆ ಹಾಯಾಗಿರುತ್ತಿತ್ತು. ಈಗ ಸಿಮೆಂಟಿನ ಮನೆ ಕಟ್ಟಿಸಿಕೊಂಡು ಫ್ಯಾನು ಹಾಕಿಕೊಂಡು ಉಸ್ಸಪ್ಪಾ ಎನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತದೆ.

ಕೆಟ್ಟದ್ದು ಎಂದರೆ ಅಡುಗೆಮನೆ ಒಂದೇ. ಮನೆಯ ಹಿಂಬದಿ ಗೋಡೆಗೆ ಅಂಟಿಸಿದ ಇಳಿಜಾರು ಹೆಂಚಿನ ಚಾವಣಿ. ಅದರ ಮೇಲ್ತುದಿ ಮಾಳಿಗೆಯ ಅಂಚಿನ ಕೆಳಗೆ ಗೋಡೆಗೆ ಕಚ್ಚಿಕೊಂಡಿತ್ತು, ಒಂದು ಬೆರಳು ತೂರುವಷ್ಟೂ ಸಂದು ಇರಲಿಲ್ಲ. ಹಸಿ ಮಾವಿನ ಸೌದೆ ಹಚ್ಚಿದರೆ ಹೊಗೆ ಮೇಲಕ್ಕೆ ಹೋಗಿ, ದಾರಿ ಕಾಣದೆ, ನಮ್ಮ ಮೇಲೇ ಇಳಿದು ಕೂರುತ್ತಿತ್ತು. ಅತ್ತೆ ಮೂವತ್ತು ವರ್ಷ ಅದರೊಳಗೆ ಬೆಂದಿದ್ದರು. ಅವರ ಕಣ್ಣುಗಳು ಸದಾ ಕೆಂಪಗೆ ಊದಿಕೊಂಡು ಸೋರುತ್ತಿದ್ದವು. ಹತ್ತಿರ ಹೋಗಿ ನಿಂತರೂ ಬಳೆಯ ಸದ್ದು ಕೇಳಿ ನನ್ನನ್ನು ಗುರುತು ಹಿಡಿಯುತ್ತಿದ್ದರು. "ಹೊಗೆ ಬಿಡಿಸ್ದೆ ಇದ್ರೆ ಕಣ್ಣು ಉಳಿಯಲ್ಲ" ಎಂದು ಮುಳಬಾಗಿಲಿನ ಒಬ್ಬ ನಾಟಿ ವೈದ್ಯ ಹೇಳಿ ಕಳಿಸಿದ್ದ.

ಮಾವಯ್ಯ ಕೆಟ್ಟವರಲ್ಲ, ಹಟಮಾರಿ. ಚಾವಣಿಯಲ್ಲಿ ಒಂದು ಸಂದು ಬಿಡಿಸಿ ಎಂದು ನನ್ನ ಯಜಮಾನರು ಕೇಳಿದರೆ, ಮಳೆ ಬರುತ್ತದೆ, ಬೆಕ್ಕು ಬರುತ್ತದೆ ಎನ್ನುತ್ತಿದ್ದರು. ತಮ್ಮ ತಾಯಿ ಅದೇ ಅಡುಗೆಮನೆಯಲ್ಲಿ ಎಂಟು ಮಕ್ಕಳಿಗೆ ಮುದ್ದೆ ಬೇಯಿಸಿದಳು ಎನ್ನುತ್ತಿದ್ದರು. ಆ ತಾಯಿ ಕೊನೆಗಾಲದಲ್ಲಿ ಗೋಡೆ ತಡವಿಕೊಂಡು ಓಡಾಡುತ್ತಿದ್ದದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ನಾನು ಬಂದ ವಾರದಲ್ಲೇ ಹಿಂಗಾರು ಮಳೆಗೆ ಅಡುಗೆಮನೆಯ ಮೂರೂ ಗೋಡೆಗಳು ಕುಸಿದು ಬಿದ್ದವು. ಕೋಲಾರದಲ್ಲಿ ನೋಡಿಬಂದಿದ್ದ ತಗಡಿನ ಶೀಟು ಹಾಕಿಸಬೇಕೆಂದು ಮಾವಯ್ಯನಿಗೆ ಆಸೆ. ಯುದ್ಧದ ಕಾಲ, ತಗಡು ಎಲ್ಲಿ ಸಿಗಬೇಕು? ಹಳೆಯ ಹೆಂಚೇ ಇರಲಿ, ಗೋಡೆ ಇದ್ದ ಹಾಗೇ ಮಣ್ಣಿನಲ್ಲೇ ಎಬ್ಬಿಸಿ ಎಂದರು. ಗೋಡೆ ಹಾಕಲು ಬಂದ ಮುದುಕ ನಮ್ಮ ಮಾಲೂರು ಕಡೆಯವನು. ಅವನ ಕನ್ನಡ ಕೇಳಿ ನನಗೆ ತವರಿನವರೇ ಬಂದಷ್ಟು ಖುಷಿಯಾಯಿತು. ಕೆರೆಮಣ್ಣಿಗೆ ರಾಗಿಹುಲ್ಲು ಕತ್ತರಿಸಿ ಹಾಕಿ, ನೆನೆಸಿ, ತುಳಿದು ಮುದ್ದೆ ಮಾಡಿ, ಮೊಳದೆತ್ತರದ ಒಂದೊಂದು ಸಾಲಾಗಿ ಮೂರೂ ಗೋಡೆಗಳನ್ನು ಏರಿಸುತ್ತಿದ್ದ. ಒಂದು ಸಾಲು ಹಾಕಿದರೆ ಅದು ಒಣಗುವ ತನಕ ಮುಂದಿನದಿಲ್ಲ.

ಹಳೆಯ ಎತ್ತರಕ್ಕೆ ಗೋಡೆ ಬಂದ ದಿನ ಮಾವಯ್ಯ ಮತ್ತು ಯಜಮಾನರು ಎತ್ತು ನೋಡಲು ಮುಳಬಾಗಿಲ ಕಡೆಗೆ ಹೊರಟಿದ್ದರು. ಮುದುಕ ಊಟಕ್ಕೆ ಹೋಗಿದ್ದ. ಮಾವಯ್ಯ ಹಿತ್ತಲಿಗೆ ಬಂದು, ಗೋಡೆಯನ್ನು ಒಮ್ಮೆ ನೋಡಿ, ಬಾಗಿಲ ಹಿಂದೆ ಇದ್ದ ನನಗೆ ಕೇಳುವಂತೆ "ಚಾಲು ಅನಿ ಚೆಪ್ಪು" ಎಂದು ಹೊರಟುಹೋದರು. 'ಚೆಪ್ಪು' ಎಂದರೆ ಹೇಳು ಎಂದು ಅಷ್ಟರಲ್ಲಿ ಕಲಿತಿದ್ದೆ. 'ಚಾಲು' ಎಂದರೆ ಸಾಕು ಎಂದು ಇನ್ನೂ ಕಲಿತಿರಲಿಲ್ಲ, ನನ್ನ ಕಿವಿಗೆ ಅದು ಗೋಡೆಯ 'ಸಾಲು' ಎಂದೇ ಬಿತ್ತು. ಊಟದ ಹೊತ್ತಿನಲ್ಲಿ ಆ ಮನೆಯವರು ಸಾಕು ಎನ್ನುವ ಬದಲು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು.

ಮುದುಕ ಬಂದು ಕೇಳಿದ, "ದೊಡ್ಡೋರು ಏನಂದ್ರಮ್ಮ?"

"ಸಾಲು ಅಂದ್ರು."

"ಇನ್ನೊಂದ್ ಸಾಲಾ? ಅಳತೆಗೆ ಸರಿಯಾಗೇ ಐತಲ್ಲಮ್ಮ."

ಐದನೇ ಕ್ಲಾಸು ಓದಿದ್ದೇನೆಂಬ ಜಂಭ ಬೇರೆ ನನಗೆ. "ಮಾವಯ್ಯ ಹೇಳಿದ್ಮೇಲೆ ಆಯ್ತು. ಹಾಕು" ಎಂದೆ. ಅವನು ಹಾಕಿದ.

ಮೂರನೇ ದಿನ ವಾಪಸು ಬಂದ ಮಾವಯ್ಯ ಹಿತ್ತಲಿಗೆ ಕಾಲಿಟ್ಟವರೇ ನಿಂತುಬಿಟ್ಟರು. ಹಿತ್ತಲ ಕಡೆಯ ಗೋಡೆ ಇಷ್ಟು ಎತ್ತರವಾದರೆ ಚಾವಣಿಗೆ ಇಳಿಜಾರೇ ಇರುವುದಿಲ್ಲ, ಮಳೆಯ ನೀರೆಲ್ಲ ಒಲೆಯೊಳಗೇ ಸೋರುತ್ತದೆ ಎಂದು, ಮುದುಕನಿಗೆ ತಿಳಿಯಲೆಂದು ಕನ್ನಡದಲ್ಲೇ ಗುಡುಗಿದರು. "ಯಾರು ಹೇಳಿದ್ದು ಹಾಕು ಅಂತ? ಕಡಿದು ಹಾಕು ಅದನ್ನ."

ಮುದುಕನ ಕಣ್ಣು ನಾನು ನಿಂತಿದ್ದ ಬಾಗಿಲ ಕಡೆಗೆ ಹೊರಳಿತು. ಬಂದು ತಿಂಗಳಾಗುವ ಮೊದಲೇ ತವರಿಗೆ ಕಳಿಸುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದ ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು.

"ನಾನೇ ಹೇಳಿದ್ದು" ಎಂದರು.

ಮಾವಯ್ಯ ತಿರುಗಿ ನೋಡಿದರು. "ನೀನಾ?"

"ಹೂಂ, ನಾನೇ. ಮೂವತ್ ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದೀನಾ? ಈ ಒಂದ್ ಸಾಲು ಇರ್ಲಿ. ಒಂದ್ ಕಡೆ ಎತ್ತರ ಆದ್ರೆ ಇನ್ನೊಂದ್ ಕಡೇನೂ ಎತ್ತರ ಮಾಡೋಕ್ಕೆ ಇವನಿಗೆ ಗೊತ್ತಾಗಲ್ವಾ?"

ಮುದುಕ ಕಾದೇ ಇದ್ದವನಂತೆ ಮುಂದೆ ಬಂದ. "ಆಗುತ್ತೆ ಸ್ವಾಮಿ. ಮಾಳಿಗೆ ಅಂಚಿನ ಮೇಲೆ ನಾಕು ಗಿಡ್ಡ ಕಲ್ಲು ನಿಲ್ಲಿಸಿ, ತೊಲೆ ಇಟ್ಟು, ಹೆಂಚು ಒಂದು ಮೊಳ ಮುಂದಕ್ಕೆ ಬಿಡ್ತೀನಿ. ಮಳೆ ಒಳಗೆ ಬರಲ್ಲ. ಕಲ್ಲಿನ ನಡುವಿನ ಸಂದಿಂದ ಹೊಗೆ ಹೋಗುತ್ತೆ."

ಮಾವಯ್ಯ ಎಲೆಯಡಿಕೆ ಅಗಿಯುತ್ತಾ ಬಹಳ ಹೊತ್ತು ಹೆಂಡತಿಯ ಮುಖವನ್ನೇ ನೋಡಿದರು. ಆ ಕಣ್ಣುಗಳನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. ಆಮೇಲೆ "ಬೆಕ್ಕು ಬಂದ್ರೆ ನನ್ನ ಕೇಳ್ಬೇಡಿ" ಎಂದು ಒಳಗೆ ಹೋದರು.

ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ "ಅಮ್ಮಾಯಿ, ಚಾಲು ಅಂದ್ರೆ ಸಾಕು ಕಣೇ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಮಾವಯ್ಯ ಹೇಳಿ ಹೋದದ್ದು ಒಳಗಿದ್ದ ಅವರಿಗೂ ಕೇಳಿಸಿತ್ತು. ನಾನು ಮುದುಕನಿಗೆ ಹೇಳಿದ್ದೂ ಕೇಳಿಸಿತ್ತು. ಕೇಳಿಸಿಕೊಂಡೂ ಸುಮ್ಮನಿದ್ದರು.

ಹೊಸ ಅಡುಗೆಮನೆಯಲ್ಲಿ ಒಲೆ ಹಚ್ಚಿದ ದಿನ ಹೊಗೆ ಹೆಂಚಿನಡಿ ತೆವಳಿಕೊಂಡು ಹೋಗಿ ಕಲ್ಲುಗಳ ನಡುವಿನಿಂದ ಆಚೆ ದಾಟಿತು. ಬೆಳಕು ಅದೇ ದಾರಿಯಲ್ಲಿ ಒಳಗೆ ಬಂತು. ಬೆಕ್ಕೂ ಬಂತು, ಸುಳ್ಳು ಯಾಕೆ ಹೇಳಲಿ. ಹಾಲು ಮುಚ್ಚಿಡುವುದನ್ನು ಕಲಿತೆವು.

ಅತ್ತೆಯ ಕಣ್ಣಿನ ಊತ ನಿಧಾನವಾಗಿ ಇಳಿಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಒಲೆಯ ಮುಂದೆ ಕೂತಿದ್ದೆವು. ನಾನು ಮುದ್ದೆ ತಿರುವುತ್ತಿದ್ದೆ. ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕೈ ಚಾಚಿ ನನ್ನ ಗಲ್ಲ ಮುಟ್ಟಿದರು.

"ಇಲ್ಲಿ ಮಚ್ಚೆ ಐತಲ್ಲೇ ಅಮ್ಮಾಯಿ" ಎಂದರು. "ಯಾರೂ ನಂಗೆ ಹೇಳೇ ಇಲ್ಲ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊಗೆ ಅತ್ತಮ್ಮ ಎನ್ನೋಣವೆಂದರೆ, ಆ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ.