ಜಯಮ್ಮ ಬಡಿದ ಬಾಗಿಲು

೨೦೦೩ರಲ್ಲಿ ನಾನು ಸಕಲೇಶಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮುರಿದ ಮೂಳೆ ಕೂಡಿದ ಮೇಲೆ ಬಿಗಿದುಕೊಂಡ ಕೀಲುಗಳನ್ನು ಮತ್ತೆ ಆಡುವಂತೆ ಮಾಡುವುದು ನನ್ನ ಕೆಲಸ. ಆ ವರ್ಷ ಹೆತ್ತೂರು ಕಡೆಯ ಎಸ್ಟೇಟೊಂದರಿಂದ ಜಯಮ್ಮ ಬಂದರು. ವಯಸ್ಸು ನಲವತ್ತೆಂಟು. ತೋಟದಲ್ಲಿ ಜಾರಿ ಬಿದ್ದು ಬಲ ಹೆಬ್ಬೆರಳಿನ ಬುಡ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಬೆರಳು ಕೊರಡಿನಂತೆ ನಿಂತುಬಿಟ್ಟಿತ್ತು. ಕಾಫಿ ಹಣ್ಣು ಬಿಡಿಸುವವರಿಗೆ ಹೆಬ್ಬೆರಳೇ ಅನ್ನ. ಕುಯ್ಲಿಗೆ ಮೊದಲು ಕೈ ಸರಿಯಾಗಿದೆ ಎಂದು ನಾನು ಬರೆದುಕೊಡದಿದ್ದರೆ ಅವರಿಗೆ ಕೆಲಸವಿಲ್ಲ. ಕೆಲಸವಿಲ್ಲದವರಿಗೆ ಎಸ್ಟೇಟು ಕೊಡುವ ಲೈನ್ ಮನೆಯೂ ಇಲ್ಲ.

ಹಿಂಡಲು ರಬ್ಬರ್ ಚೆಂಡು ಕೊಟ್ಟರೆ ಎರಡೇ ನಿಮಿಷಕ್ಕೆ ಬೇಸರಪಡುತ್ತಿದ್ದರು. ನನ್ನ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಇತ್ತು. ಮದುವೆಯಾದ ಗಂಡಸಿಗೆ ಇದೆಂಥ ಹುಚ್ಚು ಎಂದು ಹೆಂಡತಿ ಬೈಯುತ್ತಿದ್ದಳು. ಅದನ್ನೇ ಆಸ್ಪತ್ರೆಗೆ ಹೊತ್ತು ತಂದೆ. ಗುಂಡು ಹಾರಿಸುವ ಆಟವಲ್ಲ, ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್. ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು, ಎಡ ಹೆಬ್ಬೆರಳಿನಿಂದ ತೆರೆಯ ಮೇಲಿನ ಬಾಣವನ್ನು ಒಂದು ವಸ್ತುವಿನ ಮೇಲೆ ತಂದು ಬಲ ಹೆಬ್ಬೆರಳಿನಿಂದ ಗುಂಡಿ ಒತ್ತಬೇಕು. ಆಗ ಕಥೆಯ ಹುಡುಗಿ ಅಲ್ಲಿಗೆ ಹೋಗಿ ಬಾಗಿಲು ಬಡಿಯುತ್ತಾಳೆ, ಬೇಕಾದ್ದನ್ನು ಎತ್ತಿಕೊಳ್ಳುತ್ತಾಳೆ. ಯಾವ ಅವಸರವೂ ಇಲ್ಲ. ಕಾಣೆಯಾದ ಅಜ್ಜನನ್ನು ಮೊಮ್ಮಗಳು ಹುಡುಕುವ ಆ ಕಥೆ ಜಯಮ್ಮನಿಗೆ ಹಿಡಿಸಿತು. "ಪಾಪ, ಅಜ್ಜ ಎಲ್ಲಿಗ್ ಹೋಗ್ಬುಟ್ನೋ" ಎಂದು ಮರುಗುತ್ತಲೇ ಆಡುತ್ತಿದ್ದರು.

ಎರಡನೇ ವಾರ ಆಟ ನಿಂತಿತು. ಕಥೆಯಲ್ಲಿ ಗಡಿಯಾರ ರಿಪೇರಿಯವನ ಮನೆ. ಬಾಗಿಲು ಅರೆ ತೆರೆದಿದೆ, ಒಳಗೆ ಮೇಜಿನ ಮೇಲೆ ಬೀಗದ ಕೈ. ಅದನ್ನು ಎತ್ತಿಕೊಂಡರೆ ಕಥೆ ಮುಂದಕ್ಕೆ. ಜಯಮ್ಮ ಬಾಗಿಲ ಮೇಲೆಯೇ ಗುಂಡಿ ಒತ್ತುತ್ತಾ ಕೂತು ಕೊನೆಗೆ ಕಂಟ್ರೋಲರ್ ಕೆಳಗಿಟ್ಟರು. ಮೂರು ದಿನ ಇದೇ ಪಾಡು. ಟಿವಿಯಲ್ಲಿ ಕಥೆ ಕದಲದ್ದನ್ನಷ್ಟೇ ನೋಡಿ, ಬೆರಳು ಸೋಲುತ್ತಿದೆ, ಗುಂಡಿ ಸರಿಯಾಗಿ ಒತ್ತಲಾಗುತ್ತಿಲ್ಲ ಎಂದು ನಾನೇ ತೀರ್ಮಾನಿಸಿದೆ. ಎಸ್ಟೇಟಿಗೆ ಕೊಡುವ ಕಾಗದದಲ್ಲಿ "ಈ ಸಲ ಕುಯ್ಲಿಗೆ ಆಗದು" ಎಂದು ಬರೆದು ಓದಿ ಹೇಳಿದೆ.

"ಬೆರಳಲ್ಲಿ ಆಗ್ದೆ ಬುಟ್ಟೆ ಅನ್ಕಂಡ್ರಾ ಸಾರ್? ಮೂರ್ ದಿನದಿಂದ ಬಾಗ್ಲು ಬಡೀತಾನೇ ಇವ್ನಿ, ಒಬ್ರೂ ಓಗೊಡಲ್ಲ. ಯಾರೂ ಇಲ್ದಿರೋ ಮನೆಗೆ ನುಗ್ಗಿ ಬೀಗದ ಕೈ ಎತ್ಕಂಡ್ ಬರಕ್ಕಾಯ್ತದಾ? ಇಪ್ಪತ್ತೈದ್ ವರ್ಷ ಲೈನಲ್ಲಿ ಬಾಳಿವ್ನಿ, ಒಬ್ಬರ ಮನೆ ಕಡ್ಡಿ ಮುಟ್ಟಿಲ್ಲ ಕಣ್ರೀ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನಿಮ್ ಆಟ ಕಳ್ತನ ಕಲಿಸ್ತೈತೆ ಅಂತ ನಿಮಗೇ ಹೆಂಗ್ ಹೇಳನ?"

ನಾನು ಭೂಮಿಗಿಳಿದು ಹೋದೆ. ಬಾಗಿಲು ಬಡಿಯುವುದೆಂದರೂ ಗುಂಡಿ ಒತ್ತುವುದೇ ಅಲ್ಲವೇ! ಮೂರು ದಿನ ಕಣ್ಣೆದುರೇ ನಡೆದ ವ್ಯಾಯಾಮವನ್ನು ನಾನು ಸೋಲು ಎಂದು ಬರೆದುಕೊಂಡಿದ್ದೆ. "ಇನ್ನೊಂದ್ಸಲ ಬಡೀರಿ ಜಯಮ್ಮ" ಎಂದೆ. ಈ ಸಲ ಟಿವಿ ನೋಡಲಿಲ್ಲ, ಬೆರಳು ನೋಡಿದೆ. ನೂರರವರೆಗೆ ಎಣಿಸಿ ನಾನು ನಿಲ್ಲಿಸಿದೆ, ಬೆರಳು ನಿಲ್ಲಲಿಲ್ಲ. ಕಾಗದ ಹರಿದು ಹೊಸದು ಬರೆದೆ. ಆ ವರ್ಷದ ಕುಯ್ಲಿಗೆ ಜಯಮ್ಮ ಹೋದರು. ಆಟ ಮಾತ್ರ ಮುಗಿಸಲಿಲ್ಲ.

ರೋಗಿಯ ಕೈ ಹಿಡಿದು ನೋಡುವ ಮೊದಲು ರೋಗಿಯನ್ನು ಕೇಳಬೇಕು ಎಂಬುದನ್ನು ನನಗೆ ಕಲಿಸಿದ್ದು ಕಾಲೇಜಲ್ಲ. ಕೇಳದೆ ಟಿವಿಯೊಳಗಿನ ಬೀಗದ ಕೈಯನ್ನೂ ಮುಟ್ಟದ ಹೆಂಗಸಿನ ಅನ್ನವನ್ನು, ಒಂದು ಮಾತೂ ಕೇಳದೆ ನಾನು ಕಿತ್ತುಕೊಳ್ಳುವುದರಲ್ಲಿದ್ದೆ.